170 ದಿನ ನಾನೂ ಹಾಗೇ ಇದ್ದೆ

‘ನಾವು ಕಾನೂನು ಪ್ರಕಾರ ಅಮೆರಿಕಕ್ಕೆ ಬಂದವರು. ಕಾಗದಪತ್ರ ಇಲ್ಲದವರಿಗೂ ನಮ್ಮ ತೆರಿಗೆ ದುಡ್ಡಲ್ಲಿ ಶಾಲೆ, ಆಸ್ಪತ್ರೆ ಯಾಕೆ?’ ಅಂತ ಕೇಳಿದ್ದೀರಿ. ನಾನೂ ಇದೇ ಮಾತಾಡುತ್ತಿದ್ದೆ, ಜೋರಾಗಿಯೇ. ಆಗ ನಾನೇ ಕಾಗದಪತ್ರ ಇಲ್ಲದವನಾಗಿದ್ದೆ. ಗೊತ್ತಿರಲಿಲ್ಲ, ಅಷ್ಟೇ.

ನನ್ನದು ಎಚ್-1ಬಿ, ಅಂದರೆ ಕಂಪನಿ ಮೂಲಕ ಸಿಗುವ ಕೆಲಸದ ವೀಸಾ. ರಜೆ ಮುಗಿಸಿ ಊರಿಂದ ವಾಪಸ್ ಬಂದಾಗ ಪಾಸ್‌ಪೋರ್ಟ್ ಅವಧಿ ಏಳೇ ತಿಂಗಳಿತ್ತು. ಏರ್‌ಪೋರ್ಟಿನ ಅಧಿಕಾರಿ ನನ್ನ ಐ-94 ಅನ್ನುವ ಪ್ರವೇಶ ದಾಖಲೆಗೂ ಅದೇ ಕೊನೇ ತಾರೀಖು ಹಾಕಿದರು. ನಾನು ನೋಡಲೇ ಇಲ್ಲ. ಎಡವಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಬರೀ ಒಳಗೆ ಬರುವುದಕ್ಕೆ. ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94. ಕಂಪನಿ ಕೊಟ್ಟ ಐ-797ರಲ್ಲಿ, ಅಂದರೆ ಎಚ್-1ಬಿಗೆ ಸರ್ಕಾರ ಕೊಡುವ ಒಪ್ಪಿಗೆ ಪತ್ರದಲ್ಲಿ, ಇನ್ನೂ 2 ವರ್ಷ ಇತ್ತು. ಅದರ ಕೆಳಗೂ ಒಂದು ಐ-94 ಇರುತ್ತದೆ, ನಾನು ಅದನ್ನೇ ನಂಬಿದ್ದೆ. ಆದರೆ ಲೆಕ್ಕಕ್ಕೆ ಬರುವುದು ಕೊನೆಗೆ ಕೊಟ್ಟಿದ್ದು, ಅಂದರೆ ಏರ್‌ಪೋರ್ಟಿನದ್ದು. 2013ರಿಂದ ವಿಮಾನದಲ್ಲಿ ಬಂದವರಿಗೆ ಅದರ ಚೀಟಿಯನ್ನೂ ಕೊಡುವುದಿಲ್ಲ, ವೆಬ್‌ಸೈಟಿನಲ್ಲಿ ನಾವೇ ನೋಡಿಕೊಳ್ಳಬೇಕು. ಪಾಸ್‌ಪೋರ್ಟ್ ಹೊಸದು ಮಾಡಿಸಿದೆನಲ್ಲ, ಐ-94ರ ತಾರೀಖೂ ಮುಂದಕ್ಕೆ ಹೋಗಿರುತ್ತದೆ ಅಂದುಕೊಂಡೆ. ಹೋಗುವುದಿಲ್ಲ!

ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡಿಸಲು ಹೋದಾಗ ಗೊತ್ತಾಯಿತು. ಐ-94 ಮುಗಿದು ಎಷ್ಟು ದಿನ ಆಯಿತು ಅಂತ ಲಾಯರ್ ಎಣಿಸಿದರು: 166 ದಿನ. 180 ದಾಟಿದ ಮೇಲೆ ದೇಶ ಬಿಟ್ಟರೆ 3 ವರ್ಷ ವಾಪಸ್ ಬರುವಂತಿಲ್ಲ, ವರ್ಷ ದಾಟಿದರೆ 10 ವರ್ಷ. 1996ರ ಕಾನೂನು ಅದು. ನಾಲ್ಕನೇ ದಿನ ಎಲ್ಲರೂ ವಿಮಾನ ಹತ್ತಿದೆವು.

ಅಷ್ಟೂ ದಿನ ನನ್ನ ಸಂಬಳದಲ್ಲಿ ಸೋಶಿಯಲ್ ಸೆಕ್ಯುರಿಟಿಗೆ (ಸರ್ಕಾರಿ ಪಿಂಚಣಿ) 6.2%, ಮೆಡಿಕೇರ್‌ಗೆ (ವಯಸ್ಸಾದವರ ಆರೋಗ್ಯ ವಿಮೆ) 1.45% ಹಿಡಿಯುತ್ತಲೇ ಇದ್ದರು. ಮಗಳನ್ನು ಶಾಲೆಗೆ ಸೇರಿಸಿದ್ದೂ ಆಗಲೇ. ಮನೆ ವಿಳಾಸ, ಲಸಿಕೆ ಚೀಟಿ ಕೇಳಿದರು. ವೀಸಾ ಕೇಳಲಿಲ್ಲ. ಕಾಗದಪತ್ರ ಇಲ್ಲದ ಮಕ್ಕಳ ಶಾಲೆಗೆ ಟೆಕ್ಸಾಸ್ ದುಡ್ಡು ನಿಲ್ಲಿಸಿದ್ದನ್ನು ಸುಪ್ರೀಂ ಕೋರ್ಟ್ 1982ರಲ್ಲಿ 5-4ರಿಂದ ಹೊಡೆದುಹಾಕಿತ್ತು, ಅದಕ್ಕೇ. ಒಂದು ರಾತ್ರಿ ಅವಳಿಗೆ ಉಸಿರು ಕಟ್ಟಿ ಎಮರ್ಜೆನ್ಸಿಗೆ ಓಡಿದಾಗಲೂ ಮೊದಲು ನೋಡಿದ್ದು ಅವಳ ಎದೆಯನ್ನು. ಎಮರ್ಜೆನ್ಸಿಗೆ ಬಂದವರು ಯಾರೇ ಆಗಲಿ ಮೊದಲು ನೋಡುವುದು 1986ರಿಂದ ಆಸ್ಪತ್ರೆಗಳಿಗೆ ಕಡ್ಡಾಯ. ಬಿಲ್ ಆಮೇಲೆ ಬಂತು, ಬಿಡಿ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅನ್ನುತ್ತೇನೆ. ‘ನಾವು’, ‘ಅವರು’ ಅಂತ ಗೆರೆ ಎಳೆದಿದ್ದೀರಿ, ಆದರೆ ಗೆರೆ ದಾಟಿದ್ದು ದಾಟಿದವನಿಗೇ ತಿಳಿಯದಿದ್ದರೆ? ಶಾಲೆ, ತುರ್ತು ಚಿಕಿತ್ಸೆಯಲ್ಲಿ ಚೌಕಾಸಿ ಬೇಡ. ಫುಡ್ ಸ್ಟ್ಯಾಂಪ್ (ಬಡವರಿಗೆ ದಿನಸಿ ಕೊಳ್ಳಲು ಸರ್ಕಾರದ ನೆರವು) ಕಾಗದಪತ್ರ ಇಲ್ಲದವರಿಗೆ ಸಿಗುವುದೂ ಇಲ್ಲ, ವಾಟ್ಸಾಪಿನಲ್ಲಿ ಏನೇ ಬರಲಿ. ನನ್ನ ಹತ್ತಿರ ಲಾಯರಿಗೆ, ಟಿಕೆಟಿಗೆ ದುಡ್ಡಿತ್ತು. ಅದಿಲ್ಲದೆ 181ನೇ ದಿನಕ್ಕೆ ಕಾಲಿಟ್ಟವನು ನನಗಿಂತ ಕಳ್ಳನೇನಲ್ಲ.

ಅಂದ ಹಾಗೆ, ನೀವು ಕೊನೆಯ ಸಲ ಊರಿಂದ ಬಂದ ಮೇಲೆ ಐ-94 ತೆಗೆದು ನೋಡಿದ್ದೀರಾ?