ಓದುಗರ ಪ್ರಶ್ನೆ: 35 ಅಂಕ ಯಾವ ಕಂಬಕ್ಕೆ?

ಪ್ರಶ್ನೆ: 120 ವಿದ್ಯಾರ್ಥಿಗಳ ಅಂಕಗಳಿವೆ. ಕನಿಷ್ಠ 12, ಗರಿಷ್ಠ 96, ಪಾಸಾಗಲು 35. ವರ್ಗದ ಗಡಿಗಳನ್ನು 15, 25, 35 ಎಂದು ಇಟ್ಟು ಎಕ್ಸೆಲ್‌ನಲ್ಲಿ ಹಿಸ್ಟೋಗ್ರಾಂ (ಪ್ರತಿ ವರ್ಗದಲ್ಲಿ ಎಷ್ಟು ಮಂದಿ ಎಂದು ಕಂಬಗಳಲ್ಲಿ ತೋರಿಸುವ ಚಿತ್ರ) ಮಾಡಿದರೆ ಫೇಲಾದವರು ನಿಜಕ್ಕಿಂತ ಹೆಚ್ಚು ಕಾಣುತ್ತಾರೆ. ಯಾಕೆ? ಎಷ್ಟು ವರ್ಗ ಮಾಡಬೇಕು?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸರಿಯಾಗಿ 35 ತೆಗೆದವರು ಫೇಲಾದವರ ಕಂಬಕ್ಕೆ ಹೋಗಿ ಕೂತಿದ್ದಾರೆ. ಶಾಲೆಯಲ್ಲಿ ಕಲಿತ ಪದ್ಧತಿಯಲ್ಲಿ 35 ಬಂದರೆ 35–45ಕ್ಕೆ ಸೇರಿಸುತ್ತೇವೆ. ಎಕ್ಸೆಲ್ ಉಲ್ಟಾ, ಗಡಿಯ ಅಂಕೆಯನ್ನು ಕೆಳಗಿನ ವರ್ಗಕ್ಕೆ ಹಾಕುತ್ತದೆ.

ಎಷ್ಟು ವರ್ಗ ಬೇಕೆಂದು ಹೇಳಲು ಸ್ಟರ್ಜಸ್ ಎಂಬವರು 1926ರಲ್ಲಿ ಕೊಟ್ಟ ಸೂತ್ರದಂತೆ 120 ಅಂಕೆಗಳಿಗೆ ಸುಮಾರು 8 ವರ್ಗ. ವ್ಯಾಪ್ತಿ (ಗರಿಷ್ಠದಿಂದ ಕನಿಷ್ಠ ಕಳೆದದ್ದು) 84, 8ರಿಂದ ಭಾಗಿಸಿದರೆ 10.5, ಅಗಲ 10 ಇಡಿ. ವರ್ಗಗಳು 5–14, 15–24, 25–34, 35–44 ಹೀಗೆ ಸಾಗಲಿ. ಒಟ್ಟು 10 ಆಗುತ್ತವೆ, ಆಗಲಿ ಬಿಡಿ. ಪಾಸ್–ಫೇಲ್ ಗೆರೆ ಕಂಬದ ನಡುವೆ ಹಾಯದಿರುವುದು ಸೂತ್ರಕ್ಕಿಂತ ಮುಖ್ಯ.

ಒಂದು ಕಾಲಂನಲ್ಲಿ 14, 24, 34… 94 ಎಂದು ಮೇಲಿನ ಮಿತಿಗಳನ್ನು ಬರೆಯಿರಿ: 9 ಸೆಲ್. ಪಕ್ಕದಲ್ಲಿ 10 ಸೆಲ್ ಆಯ್ದು ಪ್ರತಿ ವರ್ಗದ ಅಂಕಗಳನ್ನು ಎಣಿಸುವ ಫ್ರೀಕ್ವೆನ್ಸಿ ಫಂಕ್ಷನ್ ಹಾಕಿ (ಹಳೆಯ ಎಕ್ಸೆಲ್ ಆದರೆ ಕಂಟ್ರೋಲ್, ಶಿಫ್ಟ್, ಎಂಟರ್ ಒಟ್ಟಿಗೆ ಒತ್ತಬೇಕು). ಹತ್ತನೆಯದು 94ಕ್ಕಿಂತ ಮೇಲಿನವರ ಲೆಕ್ಕ. ಮೊತ್ತ 120 ಬರದಿದ್ದರೆ ಯಾವುದೋ ಅಂಕ ಪಠ್ಯವಾಗಿ ಟೈಪಾಗಿದೆ, ಇಲ್ಲವೇ ಸೆಲ್ ಖಾಲಿ ಇದೆ. ಆಮೇಲೆ ಕಾಲಂ ಚಾರ್ಟ್ ಬರೆದು ಗ್ಯಾಪ್ ವಿಡ್ತ್ (ಕಂಬಗಳ ನಡುವಿನ ಅಂತರ) ಸೊನ್ನೆ ಮಾಡಿ. ಅಂಕಗಳು ಒಂದಕ್ಕೊಂದು ತಾಗಿಕೊಂಡ ಅಳತೆ, ನಡುವೆ ಸಂದು ಬೇಡ.

ಅಗಲ 5 ಇಟ್ಟು ಇನ್ನೊಮ್ಮೆ ನೋಡಿ, ಅಗಲ ಬದಲಾದರೆ ಚಿತ್ರವೂ ಬದಲಾಗಬಹುದು. ಅಮೆರಿಕದ ಯೆಲ್ಲೊಸ್ಟೋನ್‌ನ ಓಲ್ಡ್ ಫೇತ್‌ಫುಲ್ ಬಿಸಿನೀರ ಬುಗ್ಗೆಯ 272 ಚಿಮ್ಮುವಿಕೆಗಳ ಪ್ರಸಿದ್ಧ ದತ್ತಾಂಶದಲ್ಲಿ ಸರಾಸರಿ ಅವಧಿ ಸುಮಾರು 3.5 ನಿಮಿಷ. ಆದರೆ ಹೆಚ್ಚಿನವು ನಿಲ್ಲುವುದು 2 ಅಥವಾ 4.5 ನಿಮಿಷದ ಆಸುಪಾಸಿನಲ್ಲಿ! ಕಂಬ ತೀರಾ ಅಗಲವಾದರೆ ಆ ಎರಡು ಗುಡ್ಡಗಳು ಒಂದಾಗಿಬಿಡುತ್ತವೆ. ಮಧ್ಯದ ಅರ್ಧ ಅಂಕೆಗಳನ್ನು ಒಂದೇ ಪೆಟ್ಟಿಗೆಯಾಗಿ ತೋರಿಸುವ ಬಾಕ್ಸ್ ಪ್ಲಾಟ್‌ನಲ್ಲಂತೂ ಅವು ಕಾಣುವುದೇ ಇಲ್ಲ.

ಪ್ರಶ್ನೆ: ತಿಂಗಳ ಆದಾಯ 10–20 ಸಾವಿರದಲ್ಲಿ 15 ಮನೆ, 20–50 ಸಾವಿರದಲ್ಲಿ 30 ಮನೆ. ಎರಡನೆಯ ಕಂಬ ಎರಡರಷ್ಟು ಎತ್ತರ ಇರಬೇಕಲ್ಲವೇ?
– ಶಿಕ್ಷಕರು, ಹಾಸನ

ಉತ್ತರ: ಇಲ್ಲ, ಅದೇ ಗಿಡ್ಡವಾಗಬೇಕು. ಹಿಸ್ಟೋಗ್ರಾಂನಲ್ಲಿ ಮನೆಗಳ ಲೆಕ್ಕ ಹೇಳುವುದು ಕಂಬದ ವಿಸ್ತೀರ್ಣ. ಮೊದಲನೆಯದು ಸಾವಿರಕ್ಕೆ 1.5 ಮನೆ, ಎರಡನೆಯದು ಸಾವಿರಕ್ಕೆ 1 ಮನೆ. ಎರಡನೆಯದರ ಎತ್ತರ ಮೊದಲನೆಯದರ ಮೂರನೇ ಎರಡು ಭಾಗ, ಅಗಲ ಮಾತ್ರ ಮೂರು ಪಟ್ಟು. ಲಂಬ ಅಕ್ಷಕ್ಕೆ ‘ಪ್ರತಿ ಸಾವಿರ ರೂಪಾಯಿಗೆ ಮನೆಗಳು’ ಎಂದು ಹೆಸರು ಕೊಡಿ. ಎಕ್ಸೆಲ್ ಅಸಮ ಅಗಲದ ಕಂಬವನ್ನು ನೇರವಾಗಿ ಬರೆಯುವುದಿಲ್ಲ, ಗ್ರಾಫ್ ಹಾಳೆಯೇ ವಾಸಿ.