ಪಠ್ಯದಲ್ಲಿಲ್ಲದ ಗಣಿತೀಯ ತರ್ಕವನ್ನು ನಾವೇ ಸೆಮಿನಾರ್ ನಡೆಸಿ ಕಲಿಯಬಹುದೇ?

ಮಡಿಕೇರಿಯಲ್ಲಿ ಎಂಎಸ್ಸಿ ಗಣಿತ ಓದುವವರು ಕೇಳಿದ ಪ್ರಶ್ನೆ ಇದು. ಧಾರಾಳವಾಗಿ ಕಲಿಯಬಹುದು. ನಾಲ್ಕೈದು ಜನ, ಒಂದು ಕರಿಹಲಗೆ, ವಾರಕ್ಕೆ ಎರಡು ಗಂಟೆ ಇದ್ದರೆ ಸಾಕು. ಜುಲೈ ಮಳೆಗೆ ಕರೆಂಟು ಹೋದರೆ ಪ್ರೊಜೆಕ್ಟರ್ ನಿಲ್ಲುತ್ತದೆ, ಸೀಮೆಸುಣ್ಣ ನಿಲ್ಲುವುದಿಲ್ಲ.

ಹಾಜರಿ, ಅಂಕ ಯಾವುದೂ ಬೇಡ. ಸರದಿ ಬಂದವರು ಒಂದು ಪ್ರಮೇಯದ ಸಾಧನೆಯನ್ನು ಚೀಟಿ ನೋಡದೆ ಬರೆಯಬೇಕು. ಉಳಿದವರು ಎಲ್ಲಿ ಬೇಕಾದರೂ ತಡೆದು ‘ಇದು ಹೇಗೆ ಬಂತು?’ ಎನ್ನಬಹುದು. ಅರ್ಧ ಪುಟದಲ್ಲೇ ಸಂಜೆಯಾದರೂ ಚಿಂತೆಯಿಲ್ಲ.

ನೇರವಾಗಿ ತರ್ಕಶಾಸ್ತ್ರಜ್ಞ ಗೋಡೆಲ್‌ನ ಅಪೂರ್ಣತೆಗೆ, ಅಂದರೆ ನಿಯಮಬದ್ಧವಾಗಿ ಪಟ್ಟಿ ಮಾಡಬಲ್ಲ, ವಿರೋಧಾಭಾಸವಿಲ್ಲದ ಯಾವ ಸ್ವಯಂಸಿದ್ಧಗಳಿಂದಲೂ ಅಂಕಗಣಿತದ ಎಲ್ಲ ಸತ್ಯಗಳನ್ನು ಸಾಧಿಸಲಾಗದು ಎಂಬ ಪ್ರಮೇಯಕ್ಕೆ, ಹಾರಬೇಡಿ. ಮೊದಲು ಸಾಂದ್ರತಾ ಪ್ರಮೇಯ ಹಿಡಿಯಿರಿ: ಪ್ರಥಮ ಶ್ರೇಣಿಯ ತರ್ಕದಲ್ಲಿ (ಇಲ್ಲಿ ‘ಎಲ್ಲ’, ‘ಕೆಲವು’ ಎನ್ನುವುದು ವಸ್ತುಗಳ ಬಗ್ಗೆ ಮಾತ್ರ, ಅವುಗಳ ಗಣಗಳ ಬಗ್ಗೆ ಅಲ್ಲ), ವಾಕ್ಯಗಳ ಒಂದು ಗಣದ ಪ್ರತಿಯೊಂದು ಸಾಂತ (ಎಣಿಸಿ ಮುಗಿಯುವ) ಉಪಗಣಕ್ಕೂ ಮಾದರಿ, ಅಂದರೆ ಆ ವಾಕ್ಯಗಳೆಲ್ಲ ನಿಜವಾಗುವ ಒಂದು ಗಣಿತ ರಚನೆ, ಇದ್ದರೆ ಇಡೀ ಗಣಕ್ಕೂ ಮಾದರಿಯಿರುತ್ತದೆ. ಸಪ್ಪೆಯೆನಿಸಿತೇ? ಅಂಕಗಣಿತದ ಸ್ವಯಂಸಿದ್ಧಗಳ ಜೊತೆಗೆ ‘ಕ ಎಂಬುದು 0ಗಿಂತ ದೊಡ್ಡದು, 1ಕ್ಕಿಂತ ದೊಡ್ಡದು, 2ಕ್ಕಿಂತ ದೊಡ್ಡದು...’ ಎಂದು ಕೊನೆಯಿಲ್ಲದೆ ಸೇರಿಸಿ. ಇವುಗಳಲ್ಲಿ ಹತ್ತನ್ನೋ ಸಾವಿರವನ್ನೋ ಆರಿಸಿಕೊಂಡರೆ ಯಾವುದಾದರೂ ಸಾಮಾನ್ಯ ಸಂಖ್ಯೆಯೇ ‘ಕ’ ಆಗಬಲ್ಲದು. ಹಾಗಾದರೆ ಎಲ್ಲ ವಾಕ್ಯಗಳಿಗೂ ಒಟ್ಟಿಗೆ ಒಂದು ಮಾದರಿಯಿದೆ; ಅದರಲ್ಲಿ 0, 1, 2 ಎಲ್ಲವನ್ನೂ ಮೀರಿದ ‘ಸಂಖ್ಯೆ’ ಕುಳಿತಿದೆ! ನನಗೆ ತರ್ಕದ ರುಚಿ ಹತ್ತಿದ್ದು ಇಲ್ಲೇ.

ಜಾಗ ಸಿಗಲಿಲ್ಲವೆಂದು ಕೊರಗಬೇಡಿ. ಗೋಡೆಲ್ 1931ರಲ್ಲಿ ಪ್ರಕಟಿಸಿದ ಅಪೂರ್ಣತೆಯ ಫಲಿತಾಂಶವನ್ನು 1930ರ ಆಗಸ್ಟ್‌ನಲ್ಲೇ ತತ್ವಶಾಸ್ತ್ರಜ್ಞ ಕಾರ್ನಾಪ್‌ಗೆ ಹೇಳಿದ್ದು ವಿಯೆನ್ನಾದ ಕಾಫಿ ಅಂಗಡಿಯಲ್ಲಿ. ಕಾಫಿಗಂತೂ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ.