ತಪಾಸಣೆ ಆಗಿದೆ, ಚೀಟಿ ಗೂಡಿನಲ್ಲಿದೆ

ಸರ್ಕಾರವೇ ಶಾಲೆಗೆ ವೈದ್ಯರನ್ನು ಕಳುಹಿಸುವಾಗ ನಿಮ್ಮ ಕಡೆಯ ಮಕ್ಕಳಲ್ಲಿ ಇಷ್ಟೊಂದು ರಕ್ತಹೀನತೆ ಏಕೆ, ನಾವೂ ಬಂದು ಒಂದು ಶಿಬಿರ ನಡೆಸೋಣವೇ ಎಂದು ಕೇಳಿದ್ದೀರಿ. ರಾಯಚೂರು ಜಿಲ್ಲೆಯ ತೆಲಂಗಾಣ ಗಡಿಯ ಹಳ್ಳಿಗಳ ಮಟ್ಟಿಗೆ ಉತ್ತರಿಸುತ್ತೇನೆ. ಬೀದರ್, ಬೆಳಗಾವಿಯವರು ಬೇರೆಯೇ ಹೇಳಿಯಾರು.

ವೈದ್ಯರು ಬರುವುದು ನಿಜ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಆಯುಷ್ ವೈದ್ಯರು, ಒಬ್ಬ ನರ್ಸ್, ಒಂದು ಜೀಪು. ಎತ್ತರ, ತೂಕ ಅಳೆಯುತ್ತಾರೆ, ರಕ್ತ ಕಡಿಮೆಯಿದೆಯೇ ಎಂದು ಕೆಳರೆಪ್ಪೆ ಎಳೆದು ಬಣ್ಣ ನೋಡುತ್ತಾರೆ, ಹಲ್ಲು, ಕಿವಿ, ಚರ್ಮ, ಎದೆಬಡಿತ ಪರೀಕ್ಷಿಸುತ್ತಾರೆ. ಮಗು ತೆಲುಗಿನಲ್ಲಿ ಹೊಟ್ಟೆನೋವು ಹೇಳಿಕೊಂಡರೆ ಮೇಷ್ಟ್ರು ಕನ್ನಡಕ್ಕೆ ದಾಟಿಸುತ್ತಾರೆ. ಹುಟ್ಟಿನಿಂದ 18 ವರ್ಷದವರೆಗಿನವರಲ್ಲಿ 30 ಬಗೆಯ ತೊಂದರೆಗಳನ್ನು ಹುಡುಕುವ ಕೆಲಸ ಅವರದು. ಹೃದಯದ ದೋಷವೋ ಸೀಳುತುಟಿಯೋ ಸಿಕ್ಕರೆ ಶಸ್ತ್ರಚಿಕಿತ್ಸೆ ಉಚಿತ. ಈ ತಂಡವನ್ನು ಹಳಿಯುವವರ ಜೊತೆ ನಾನಿಲ್ಲ.

ತೊಡಕು ಇರುವುದು ಹಾಜರಿ ಪುಸ್ತಕದಲ್ಲಿ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆಯ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಸುಗ್ಗಿ ಮುಗಿದರೆ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ. ತಂದೆತಾಯಿ ಕಟ್ಟಡದ ಕೆಲಸಕ್ಕೆ, ದೊಡ್ಡ ಮಗಳು ತಮ್ಮನನ್ನು ಎತ್ತಿಕೊಳ್ಳಲಿಕ್ಕೆ. ಆ ದಿನಗಳಲ್ಲಿ ಜೀಪು ಬಂದರೆ ಅಜ್ಜಿಯ ಬಳಿ ಉಳಿದವರಿಗೆ, ನಾಲ್ಕು ಎಕರೆ ನೀರಾವರಿ ಇರುವವರ ಮಕ್ಕಳಿಗೆ ತಪಾಸಣೆ ಆಗುತ್ತದೆ. ರೆಪ್ಪೆ ಎಳೆದು ನೋಡಲೇಬೇಕಾಗಿದ್ದ ಹುಡುಗಿ ಯಾವುದೋ ಲೇಔಟಿನ ಮರಳುಗುಡ್ಡೆಯ ಮೇಲಿರುತ್ತಾಳೆ.

ಇನ್ನು ಚೀಟಿಯ ವಿಷಯ. ದೋಷ ಕಂಡರೆ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ರಾಯಚೂರಿಗೆ ಹೋಗಿ ಎಂದು ಬರೆದುಕೊಡುತ್ತಾರೆ. ಹೋದರೆ ತಾಯಿಯ ಒಂದು ದಿನದ ಕೂಲಿ ಹೋಯಿತು. ಅಂದು ತಜ್ಞರು ಸಿಗದಿದ್ದರೆ ಎರಡನೆಯ ದಿನದ್ದೂ ಹೋಯಿತು. ಹಾಗಾಗಿ ಚೀಟಿ ಗೋಡೆಯ ಗೂಡಿನಲ್ಲಿ ಉಳಿಯುತ್ತದೆ. ಕೆಲವರು ನೆಂಟರಿದ್ದಾರೆಂದು ಗಡಿಯಾಚೆ ತೆಲಂಗಾಣದ ಗದ್ವಾಲಕ್ಕೋ ಮಹಬೂಬನಗರಕ್ಕೋ ಹೋಗುತ್ತಾರೆ. ನಮ್ಮ ರೇಷನ್ ಕಾರ್ಡು ಅಲ್ಲಿನ ಉಚಿತ ಚಿಕಿತ್ಸೆಯ ಯೋಜನೆಯಾದ ಆರೋಗ್ಯಶ್ರೀಗೆ ನಡೆಯುವುದಿಲ್ಲ, ಕೈಯಿಂದಲೇ ಕೊಡಬೇಕು, ಅಂದರೆ ಸಾಲ.

ರಕ್ತಹೀನತೆಗೆ ಶಾಲೆಯಲ್ಲೇ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಇದೆ: ಚಿಕ್ಕವರಿಗೆ ಗುಲಾಬಿ, ಹತ್ತು ದಾಟಿದವರಿಗೆ ನೀಲಿ. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ, ಆದ್ದರಿಂದ ಊಟದ ನಂತರ ಕೊಡಬೇಕು. ಮರುದಿನ ಮಲ ಕಪ್ಪಗಾದಾಗ ಮನೆಯವರು ಹೆದರುತ್ತಾರೆ. ಅದು ಸಹಜ ಎಂದು ಮೊದಲೇ ತಿಳಿಸುವ ಶಿಕ್ಷಕಿ ಇರುವ ಶಾಲೆಯಲ್ಲಿ ಮಾತ್ರೆ ಹೊಟ್ಟೆ ಸೇರುತ್ತದೆ, ಇಲ್ಲದಲ್ಲಿ ಕಿಟಕಿಯಾಚೆ ಬೀಳುತ್ತದೆ. ಜಂತುಹುಳುವಿನ ಅಲ್ಬೆಂಡಜೋಲ್‌ಗೆ ಇಷ್ಟು ರಗಳೆಯಿಲ್ಲ. ಅಗಿದು ತಿಂದರೆ ಮುಗಿಯಿತು.

ಮೊಟ್ಟೆಯ ಬಗ್ಗೆಯೂ ಕೇಳಿದ್ದೀರಿ. 2021ರ ಡಿಸೆಂಬರಿನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿದ್ದು ನಮ್ಮ ಭಾಗದ ಜಿಲ್ಲೆಗಳಲ್ಲೇ ಮೊದಲು. ಕೆಲವು ಮಠಗಳಿಂದ ಆಕ್ಷೇಪ ಬಂತು, ಆದರೆ ತಟ್ಟೆ ಹಿಡಿದು ನಿಂತ ಮಕ್ಕಳಲ್ಲಿ ಯಾರೂ ಆಕ್ಷೇಪಿಸಿದ್ದನ್ನು ನಾನು ಕಾಣಲಿಲ್ಲ. 2024ರಿಂದ ಅದು ವಾರಕ್ಕೆ ಆರು ದಿನ. ಬೇಡವೆನ್ನುವವರಿಗೆ ಬಾಳೆಹಣ್ಣು; ಚಿಕ್ಕಿಯೂ ಇತ್ತು, ಅದನ್ನು 2025ರಲ್ಲಿ ನಿಲ್ಲಿಸಿದರು. ಮೊಟ್ಟೆಯೊಂದರಿಂದಲೇ ರಕ್ತಹೀನತೆ ಹೋಗುವುದಿಲ್ಲ, ನಿಜ. ಆದರೆ ಮನೆಯಲ್ಲಿ ರೊಟ್ಟಿ, ಖಾರ, ಚಹಾ ಅಷ್ಟೇ ಇರುವ ಮಗುವಿಗೆ ಅದು ದಿನದ ಗಟ್ಟಿ ಆಹಾರ.

ಶಿಬಿರ ಮಾಡಲೇಬೇಕೆಂದರೆ ಜೂನ್ ಕೊನೆಗೆ ಬನ್ನಿ. ಮುಂಗಾರಿನ ಬಿತ್ತನೆಗೆ ಗುಳೆ ಹೋದವರಲ್ಲಿ ಬಹಳಷ್ಟು ಮಂದಿ ಮರಳಿರುತ್ತಾರೆ. ತೂಕದ ಯಂತ್ರ, ಬ್ಯಾನರು ತರಬೇಡಿ. ಕಳೆದ ಸಲ ಯಾರ ಯಾರ ಹೆಸರಿಗೆ ಚೀಟಿ ಬರೆದಿದ್ದಾರೆಂದು ಮುಖ್ಯೋಪಾಧ್ಯಾಯರನ್ನೂ ಆಶಾ ಕಾರ್ಯಕರ್ತೆಯನ್ನೂ ಕೇಳಿ. ತಜ್ಞರು ಇರುವ ದಿನವನ್ನು ಮೊದಲೇ ವಿಚಾರಿಸಿಕೊಂಡು, ಆ ಮಕ್ಕಳನ್ನು ರಾಯಚೂರಿಗೆ ಕರೆದೊಯ್ಯಲು ಒಂದು ಗಾಡಿ ಮಾಡಿ, ಜೊತೆಗೆ ಬರುವ ತಾಯಂದಿರಿಗೆ ಅಂದಿನ ಕೂಲಿ ಕೊಡಿ.